ಹೊಳೆಯ ದೀಪ ಮತ್ತೆ ಹತ್ತಿದ ಸಂಜೆ

ಕರಜಗಿಯಿಂದಾಚೆ, ಭೀಮಾ ಹೊಳೆಯ ದಂಡೆಯ ನನ್ನ ತವರಿನಲ್ಲಿ ಒಂದು ದೀಪದ ಬುರುಜಿದೆ. ನನ್ನಜ್ಜ ಅದರ ತುದಿಯ ಗೂಡಿನಲ್ಲಿ ದೀಪ ಹಚ್ಚುತ್ತಿದ್ದ. ಹೊಳೆ ಮೊಣಕಾಲಿಗಿಂತ ಕೆಳಗಿದ್ದರೆ ಮಾತ್ರ ದೀಪ, ನೀರೇರಿದರೆ ಕತ್ತಲೆ. ಆಚೆ ದಂಡೆಯವರು ದೀಪ ಕಂಡರೆ ಇಳಿಯುತ್ತಿದ್ದರು, ಕಾಣದಿದ್ದರೆ ಅಲ್ಲೇ ಒಲೆ ಹೂಡುತ್ತಿದ್ದರು. ದೂರದಲ್ಲೊಂದು ಸೇತುವೆ ಬಂತು, ದೀಪ ನಿಂತಿತು. ಅಜ್ಜನೂ ಹೋದ.

ಕಳೆದ ಚಳಿಗಾಲ ನಾನು ಸೊಲ್ಲಾಪುರದಿಂದ ತವರಿಗೆ ಹೋದಾಗ ಊರಿನ ತರುಣ ಮಂಡಳದವರು ಬುರುಜಿಗೆ ಬಣ್ಣ ಬಳಿದು, ಗೂಡಿನಲ್ಲಿ ಸೋಲಾರ್ ದೀಪ ಕೂರಿಸಿದ್ದರು. ಇವರಿಗೆ ಫೋಟೊ ತೆಗೆಸಿಕೊಳ್ಳಲು ಒಂದು ಜಾಗ ಬೇಕಿತ್ತು. ಆ ದೀಪ ಏನು ಹೇಳುತ್ತಿತ್ತೆಂದು ಕೇಳಲು ಯಾರಿಗೆ ಪುರುಸೊತ್ತು? ಕುರಿ ಹೊಡೆದುಕೊಂಡು ಆಚೆ ದಂಡೆಗೆ ಹೋಗಿದ್ದ ಅಪ್ಪನಿಗೆ ಇದು ಗೊತ್ತಿರಲಿಲ್ಲ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟದ್ದೂ ಗೊತ್ತಿರಲಿಲ್ಲ.

ಮೊದಲ ಸಲ ದೀಪ ಹತ್ತಿದಾಗ ನಾನು, ಅವ್ವ ಬುರುಜಿನ ಬುಡದಲ್ಲಿದ್ದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಅವ್ವ ನನ್ನ ತೋಳು ಬಿಗಿಯಾಗಿ ಹಿಡಿದಳು.

"ಅಲ್ನೋಡ, ನಿಮ್ಮಪ್ಪ ಹೊಳಿಗಿ ಇಳದಾನ!"

ಮುಸ್ಸಂಜೆಯ ಮಬ್ಬಿನಲ್ಲಿ ಕುರಿಗಳ ಮುಂದೆ ಅಪ್ಪನ ಬಿಳಿ ರುಮಾಲು ಕಂಡಿತು. ನೀರು ಆಗಲೇ ಅವನ ತೊಡೆಗೆ ಬಂದಿತ್ತು. ಗಂಟಲು ಹರಿಯುವಂತೆ ಕೂಗಿದೆವು. ಹೊಳೆಯ ಸದ್ದಿಗೆ ಏನೂ ಕೇಳಲಿಲ್ಲ.

"ದೀಪಾ ಆರಸ್ರಿ!" ಎಂದು ಮಂಡಳದ ಅಧ್ಯಕ್ಷನ ಮೇಲೆ ಹರಿಹಾಯ್ದೆ.

"ಅದಕ ಬಟನ್ ಇಲ್ರೀ ಅಕ್ಕಾ. ಕತ್ತಲಾದ್ರ ತಾನ ಹತ್ತತದ."

ಅವ್ವ ಹೊದ್ದಿದ್ದ ಕಂಬಳಿ ಕಸಿದುಕೊಂಡು ಮೆಟ್ಟಿಲು ಹತ್ತಿದೆ. ಹತ್ತಿದೆನೋ ತೆವಳಿದೆನೋ ನೆನಪಿಲ್ಲ. ದೀಪದ ಮೇಲೆ ಕಂಬಳಿ ಹಾಕಿ ಎರಡೂ ಕೈಯಿಂದ ತಬ್ಬಿಕೊಂಡೆ. ಈಗ ಹೊಳೆ ನನ್ನ ಬೆನ್ನಿಗಿತ್ತು. ತಿರುಗಿ ನೋಡಿದರೆ ಎಲ್ಲಿ ಕಂಬಳಿ ಜಾರಿ ಬೆಳಕು ಹೊರಬೀಳುತ್ತದೋ ಎಂದು ಹಾಗೇ ನಿಂತೆ.

"ಏನಾತಬೇ?" ಎಂದು ಕೂಗಿದೆ. ಮತ್ತೆ ಕೂಗಿದೆ. ಅಪ್ಪ ಹೋದನೆಂದೇ ತಿಳಿದೆ.

"ನಿಂತಾನ," ಎಂದಳು ಅವ್ವ ಕೊನೆಗೆ. ಆಮೇಲೆ ಅಳುತ್ತಾ, "ಹೊಳ್ಳಿ ಆ ದಂಡಿಗಿ ಹೊಂಟಾನ. ಬಿಡಬ್ಯಾಡ, ಹಂಗ ಹಿಡ್ಕೋ!"

ಮರುದಿನ ಅಪ್ಪ ಸೇತುವೆಯ ಮೇಲಿಂದ ಸುತ್ತಿಕೊಂಡು ಬಂದ. ಮಂಡಳದವರನ್ನು ಬೈಯುತ್ತಾನೆಂದುಕೊಂಡಿದ್ದೆ. ಅವನು ಬುರುಜಿನ ಕಡೆ ನೋಡುತ್ತಾ ಕೂತ.

"ನೀರ ನೋಡಲಿಲ್ಲೇನಪಾ?" ಎಂದು ಕೇಳಿದೆ.

"ನಮ್ಮಪ್ಪನ ದೀಪಾ ಮತ್ತ ಯಾರೋ ಹಚ್ಯಾರಂತ ಭಾಳ ಖುಷಿ ಆತವ್ವಾ. ನೀರ ಯಾಕ ನೋಡ್ಲಿ?"

ಮಂಡಳದವರು ಆ ದೀಪವನ್ನು ಇನ್ನೂ ತೆಗೆದಿಲ್ಲ. ಸೊಲ್ಲಾಪುರದಲ್ಲಿ ಬೀದಿದೀಪ ಹತ್ತಿದ ಕೂಡಲೇ ಅವ್ವನಿಗೆ ಫೋನು ಮಾಡಿ, ಅಪ್ಪ ಯಾವ ದಂಡೆಯಲ್ಲಿದ್ದಾನೆಂದು ಕೇಳುತ್ತೇನೆ.