ಊರೆಲ್ಲ ಕಾನ್ವೆಂಟ್ ಚೆಕ್ಸು

ಲಾಕ್‌ಡೌನ್ ಶುರುವಾದ ಮೇಲೆ ನಮ್ಮ ಯಜಮಾನರು ಅಂಗಡಿಯ ಹೊಲಿಗೆ ಮೆಷಿನ್ನನ್ನು ಮನೆಗೆ ತಂದು ನಡುಮನೆಯ ಕಿಟಕಿಯ ಕೆಳಗೆ ಇಟ್ಟರು. ಅದರ ಹಿಂದೆಯೇ ಬಟ್ಟೆಯ ಥಾನುಗಳು ಬಂದವು. ನೀಲಿಯ ಮೇಲೆ ಕೆಂಪು ಗೆರೆಯ ಚೆಕ್ಸು. ರಾಮನಗರದಲ್ಲಿ ನಮ್ಮದು ಯೂನಿಫಾರಂ ಅಂಗಡಿ, ಅದೂ ಹೆಚ್ಚುಕಡಿಮೆ ಒಂದೇ ಕಾನ್ವೆಂಟಿನ ಆರ್ಡರ್ ನಂಬಿಕೊಂಡದ್ದು. ನಾನು ಓದಿದ್ದೂ ಅಲ್ಲೇ. ಆ ವರ್ಷದ ಬಟ್ಟೆಯನ್ನು ಆಗಲೇ ತರಿಸಿಟ್ಟಾಗಿತ್ತು. ಶಾಲೆ ಯಾವಾಗ ತೆರೆಯುತ್ತದೋ ಯಾರಿಗೂ ಗೊತ್ತಿರಲಿಲ್ಲ, ಆ ಚೆಕ್ಸನ್ನು ಬೇರೆ ಶಾಲೆಯವರು ಮುಟ್ಟುವುದಿಲ್ಲ.

ಒಂದು ಬೆಳಗ್ಗೆ ಅವರು ಕಾಫಿ ಲೋಟ ಕೆಳಗಿಡುತ್ತಾ, "ಇದ್ರಲ್ಲೇ ಮಾಸ್ಕ್ ಹೊಲ್ದ್ರೆ ಹೆಂಗೆ?" ಎಂದರು. ನನ್ನನ್ನು ಕೇಳಿದಂತಿರಲಿಲ್ಲ, ಥಾನನ್ನು ಕೇಳಿದ ಹಾಗಿತ್ತು.

ಮೊದಲ ಮಾಸ್ಕನ್ನು ತಿರುಗಿಸಿ ನೋಡಿದೆ. ಒಳಗೆ, ಗಲ್ಲದ ಕಡೆ, ಎರಡು ಬೆರಳಗಲ ಬಟ್ಟೆ ಮಡಚಿ ಸಡಿಲವಾಗಿ ಹೊಲಿದಿತ್ತು.

"ಇದ್ಯಾಕ್ರೀ ಇಲ್ಲಿ ಮಡಚಿದೀರ?"

"ಬೆಳೆಯೋ ಮಕ್ಳಿಗೆ ಬುಡ್ತೀವಲ್ಲ..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ಫ್ರಾಕಿನ ಅಂಚಿಗೆ ಬಿಡುವ ಬಟ್ಟೆಯನ್ನು ಅವರ ಕೈ ಇಲ್ಲೂ ತಾನಾಗಿ ಬಿಟ್ಟಿತ್ತು.

ಪಕ್ಕದ ಮನೆಯ ಭಾಯ್ ಅದನ್ನೇ ಹಾಕಿಕೊಂಡು ಹೋದರು. ಅವರು ರೀಲರ್, ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವವರು. ಸಂಜೆ ಬಂದು ಬಾಗಿಲಲ್ಲಿ ನಿಂತರು.

"ಏನ್ ಮಾಸ್ಟ್ರೇ, ಮಾತಾಡಿದ್ರೆ ನಿಮ್ ಮಾಸ್ಕು ಕಣ್ಣಿಗೆ ಬತ್ತೈತೆ. ಗಡ್ಡ ಮೇಲಕ್ಕೆ ತಳ್ತೈತೆ."

"ಒಸಿ ಕಮ್ಮಿ ಮಾತಾಡಿ ಭಾಯ್."

"ಹಂಗಾದ್ರೆ ಬಾಯೂ ಹೊಲ್ದ್‌ಬುಡಿ."

ನಾನು ಒಳಗಿನ ಆ ಮಡಿಕೆಯ ಹೊಲಿಗೆ ಬಿಚ್ಚಿಕೊಟ್ಟೆ. ಗಡ್ಡವೆಲ್ಲ ಒಳಗೆ ಕೂತಿತು. ಮರುದಿನದಿಂದ ಗಡ್ಡದವರೆಲ್ಲ "ಭಾಯ್ ಕಳಿಸಿದ್ರು" ಎನ್ನುತ್ತ ಮಾಸ್ಕಿಗಾಗಿ ನಮ್ಮ ಮನೆಗೆ ಬಂದರು.

ಆಮೇಲೆ ನನಗೆ ಮುಖಗಳನ್ನು ನೋಡುವ ಚಟ ಹಿಡಿಯಿತು. ಮೂಗುಬೊಟ್ಟಿನ ಹರಳು ಮಾಸ್ಕಿನ ಒಳಪದರಕ್ಕೆ ಕೊಟ್ಟ ಬಿಳಿ ಬಟ್ಟೆಗೆ ಸಿಕ್ಕಿ ಎಳೆ ಕೀಳುತ್ತಿತ್ತು. ಕೆಲವರ ಕಿವಿ ಲಾಡಿಯ ಎಳೆತಕ್ಕೆ ಮುಂದಕ್ಕೆ ಬಾಗುತ್ತಿತ್ತು. ಕೈಲಾಂಚದಿಂದ ಗೂಡು ತರುವ ರೈತರು, ತರಕಾರಿ ಗಾಡಿಯವಳು, ಸರ್ಕಲ್ಲಿನಲ್ಲಿ ಲಾಠಿ ಹಿಡಿದ ಪೊಲೀಸಪ್ಪ, ಎಲ್ಲರ ಮುಖದ ಮೇಲೂ ನಾನು ಹತ್ತು ವರ್ಷ ಹಾಕಿಕೊಂಡ ಚೆಕ್ಸು. ಊರಿಗೆ ಊರೇ ಪ್ರೇಯರ್‌ಗೆ ತಡವಾಗಿ ಓಡುತ್ತಿರುವಂತೆ ಕಾಣುತ್ತಿತ್ತು.

ಅದನ್ನು ನೋಡಿದ್ದು ನಾನೊಬ್ಬಳೇ ಅಲ್ಲ. ಕಾನ್ವೆಂಟಿನ ಹೆಡ್ ಸಿಸ್ಟರ್ ಫೋನ್ ಮಾಡಿದರು.

"ಕೋಳಿ ಅಂಗಡಿಯವನ ಮುಖದ ಮೇಲೆ ನಮ್ಮ ಸ್ಕೂಲ್ ಯೂನಿಫಾರಂ ಇದೆ. ಪಾನ್ ಉಗಿಯುವುದಕ್ಕೆ ಅದನ್ನು ಕೆಳಗೆ ಎಳೀತಾನೆ. ನೀನು ನಮ್ಮ ಓಲ್ಡ್ ಸ್ಟೂಡೆಂಟ್, ನೀನೇ ಹೇಳು, ಇದು ಸರೀನಾ? ಹೀಗೇ ಆದರೆ ನಾವು ಪ್ಯಾಟರ್ನ್ ಚೇಂಜ್ ಮಾಡ್ತೇವೆ. ಟೈಲರನ್ನೂ."

ಫೋನಿಟ್ಟು ಅದನ್ನೇ ಹೇಳಿದೆ. ಯಜಮಾನರು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಕೂತರು. "ಮಾಸ್ಕ್ ಬುಟ್ರೆ ಈಗ ಊಟ ಇಲ್ಲ. ಸ್ಕೂಲ್ ಬುಟ್ರೆ ಅಂಗ್ಡೀನೇ ಇಲ್ಲ."

ಬಟ್ಟೆಯ ಒಳಮೈ ಹೊರಗೆ ಹಾಕಿದರೆ ಹೇಗೆಂದು ನೋಡಿದೆವು. ಎರಡೂ ಕಡೆ ಒಂದೇ ಚೆಕ್ಸು. ಆ ಮಧ್ಯಾಹ್ನ ಒಲೆಯ ಮೇಲಿನ ಹಾಲಿನ ಪಾತ್ರೆ ಇಳಿಸಲು ಕೈಗೆ ಸಿಕ್ಕ ಚೂರುಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಿಕೊಂಡೆ. ಚೌಕಗಳು ವಾಲಿ ಕೊಬ್ಬರಿ ಮಿಠಾಯಿಯ ವಜ್ರಾಕಾರದ ತುಂಡುಗಳಂತಾದವು. ಎಳೆದರೆ ಬಟ್ಟೆ ಒಸಿ ಹಿಗ್ಗಿತು ಕೂಡ. ಹಾಲಿನ ಪಾತ್ರೆಯನ್ನು ಹಾಗೇ ಬಿಟ್ಟು ನಡುಮನೆಗೆ ಹೋದೆ.

"ರೀ, ಬ್ಲೌಸಿಗೆ ಕ್ರಾಸ್ ಕಟಿಂಗ್ ಮಾಡ್ತಾರಲ್ಲ, ಹಾಗೆ ಇದನ್ನ ಓರೆಯಾಗಿ ಕತ್ತರಿಸಿದ್ರೆ?"

"ಚೆಕ್ಸ್‌ನಾ? ಸೊಟ್ಟಕ್ಕಾ? ಗೆರೆಗೆ ಗೆರೆ ಕೂಡ್ಲಿಲ್ಲ ಅಂತ ಹೊಲ್ದಿದ್ ಫ್ರಾಕ್ ಬಿಚ್ಚ್‌ದೋನು ಕಣೇ ನಾನು. ಬಟ್ಟೇನೂ ಜಾಸ್ತಿ ದಂಡ ಆಯ್ತದೆ."

"ಥಾನು ಇಲಿ ಪಾಲಾದ್ರೆ ದಂಡ ಅಲ್ವಾ?"

ಮಗುವಿಗೆ ಸೂಜಿ ಚುಚ್ಚಿಸುವಾಗ ತಿರುಗಿಸಿಕೊಳ್ಳುವಂತೆ ಯಜಮಾನರು ಮುಖ ಅರ್ಧ ಆಚೆ ಮಾಡಿ ಬಟ್ಟೆಗೆ ಓರೆಯಾಗಿ ಕತ್ತರಿ ಹಾಕಿದರು. ಹೊಲಿದಾದ ಮೇಲೆ ಕನ್ನಡಿ ಮುಂದೆ ತಾವೇ ಹಾಕಿಕೊಂಡು ಒಂದರಿಂದ ಇಪ್ಪತ್ತರವರೆಗೆ ಎಣಿಸಿದರು. ಮಾಸ್ಕು ತುಟಿಯ ಜೊತೆಗೇ ಆಡಿತು, ಮೇಲಕ್ಕೆ ಹತ್ತಲಿಲ್ಲ. "ಹ್ಞೂಂ," ಎಂದರು, ಅಷ್ಟೇ.

ಸಿಸ್ಟರ್ ಬಳಿಗೆ ನಾನೇ ಹೋದೆ. ಮಕ್ಕಳಿಲ್ಲದ ಕಾರಿಡಾರಿನಲ್ಲಿ ನೀರಿನ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಹೊಸ ಮಾಸ್ಕನ್ನು ಅವರ ಮೇಜಿನ ಮೇಲಿಟ್ಟು ದೂರ ನಿಂತೆ. ಇದು ಯಾವ ಬಟ್ಟೆಯೆಂದು ಹೇಳಲಿಲ್ಲ. ಅವರ ಕಣ್ಣಿಗೆ ಗುರುತು ಸಿಗುತ್ತದೆಯೇ ಎಂದು ನೋಡಬೇಕಿತ್ತು.

"ಇದು ಚೆನ್ನಾಗಿದೆ. ಬಟ್ಟೆ ಎಲ್ಲಿಂದ ತರಿಸಿದ್ರಿ?"

"ನಿಮ್ಮದೇ ಸಿಸ್ಟರ್. ಕ್ರಾಸ್ ಹಾಕಿ ಹೊಲಿದದ್ದು."

ಅವರು ಅದನ್ನು ಕಿಟಕಿಯ ಬೆಳಕಿಗೆ ಒಯ್ದರು. ಓರೆ ಹಿಡಿದಾಗ ಗೆರೆ ನೇರವಾಗಿ ಶಾಲೆಯ ಚೆಕ್ಸು ಬಂತು. ನೆಟ್ಟಗೆ ಹಿಡಿದಾಗ ಹೋಯಿತು. ಮತ್ತೆ ಓರೆ ಮಾಡಿದರು, ಮತ್ತೆ ನೆಟ್ಟಗೆ. ನಾನಿರುವುದನ್ನು ಮರೆತಂತಿತ್ತು.

"ರಸ್ತೆಗೆ ಇದು ಇರಲಿ," ಎಂದರು ಕೊನೆಗೆ. "ನೇರ ಗೆರೆಯದ್ದು ನಮ್ಮ ಮಕ್ಕಳಿಗೆ ಮಾತ್ರ. ಸ್ಕೂಲ್ ತೆರೆದ ದಿನ ಎಲ್ಲರಿಗೂ ಬೇಕಾಗ್ತದೆ, ಫಸ್ಟ್ ಸ್ಟ್ಯಾಂಡರ್ಡಿನಿಂದ ಹಿಡಿದು. ನಿನ್ನ ಯಜಮಾನರಿಗೆ ಹೇಳು, ಲೂಸ್ ಆಗಬಾರದು."

ಮನೆಗೆ ಬಂದು ಹೇಳಿದಾಗ ಯಜಮಾನರು ಕತ್ತರಿ ತೆಗೆದುಕೊಳ್ಳಲಿಲ್ಲ, ಟೇಪು ಹುಡುಕಿದರು. ಯಾವ ಕ್ಲಾಸಿನ ಮಕ್ಕಳ ಎದೆ ಎಷ್ಟು, ಉದ್ದ ಎಷ್ಟು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮೂಗಿನಿಂದ ಗಲ್ಲಕ್ಕೆ ಎಷ್ಟೆಂದು ಯಾರೂ ಕೇಳಿರಲಿಲ್ಲ. ಭಾಯ್ ತಮ್ಮ ಮೊಮ್ಮಗಳನ್ನು ಕರೆತಂದರು, ಒಂದನೇ ಕ್ಲಾಸಿನವಳು. ಟೇಪು ತಾಗಿದರೆ ಅವಳಿಗೆ ಕಚಗುಳಿ. ಸುಮ್ಮನಿದ್ದಾಗ ಒಂದು ಅಳತೆ ಬಂದರೆ ನಕ್ಕಾಗ ಇನ್ನೊಂದು ಬರುತ್ತಿತ್ತು. ಯಜಮಾನರು ಸೀಮೆಸುಣ್ಣ ಹಿಡಿದು ನನ್ನ ಮುಖ ನೋಡಿದರು.

"ನಕ್ಕಿದ್ದೇ ಹಾಕ್ಕಳಿ ಮಾಸ್ಟ್ರೇ," ಎಂದರು ಭಾಯ್. "ಇವ್ಳು ಸ್ಕೂಲಲ್ಲಿ ಬಾಯ್ ಮುಚ್ಕೊಂಡಿರೋಳಲ್ಲ."

ಯಜಮಾನರು ನಕ್ಕ ಅಳತೆಗೇ ಬಟ್ಟೆಯ ಮೇಲೆ ಗೆರೆ ಎಳೆದರು.