ಕರ್ಚಿಕಾಯಿ ಕರಿದ ಎಣ್ಣೆ

ಹೋದ ವರ್ಷ ವಿಜಯದಶಮಿಯ ದಿನ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಿಂದ ಕೊಟ್ಟೂರಿನ ತವರಿಗೆ ಬನ್ನಿ ಕೊಡಲು ಹೊರಟಿದ್ದೆವು. ಕರೆದೊಯ್ಯಲು ತಮ್ಮ ವೀರೇಶ ತನ್ನ ಕಾರಿನಲ್ಲಿ ಬೆಳಿಗ್ಗೆಯೇ ಬಂದಿದ್ದ. ಅವನಿಗೂ ನಮ್ಮ ಮನೆಯವರಿಗೂ ಒಂದೇ ಹುಚ್ಚು, ಜೋರಾಗಿ ಓಡುವ ಕಾರು. ಇಬ್ಬರವೂ ಅಗಲ ಟೈರಿನ, ಕಾಲು ಮುಟ್ಟಿಸಿದರೆ ಚಿಮ್ಮುವಂಥ ಕಾರುಗಳು. ಉಪ್ಪಿಟ್ಟು ತಿನ್ನುವಾಗಲೂ ಯಾರದು ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತದೆ ಅನ್ನುವುದೇ ಮಾತು.

ಹೊರಡುವಾಗ ಮಳೆ ಹನಿಯತೊಡಗಿತು.

"ಮಾವ, ಒಣ ರಸ್ತ್ಯಾಗ ನಿಂದ ಮುಂದ, ಒಪ್ತೀನಿ. ತೊಯ್ದ ರಸ್ತ್ಯಾಗ ನಂದು ಹಲ್ಲಿ ಗ್ವಾಡಿ ಹಿಡದಂಗ ಹಿಡೀತೈತಿ," ಅಂದ ವೀರೇಶ.

"ಹಿಡೀತೈತೋ ಜಾರತೈತೋ ನೋಡೇಬಿಡೂಣು ಬಾ," ಅಂದರು ಇವರು.

ಊರು ದಾಟಿದ ಕೂಡಲೇ ರಸ್ತೆ ಖಾಲಿ ಇತ್ತು. ಪಂದ್ಯ ಇಷ್ಟೇ: ಬೇವಿನ ಮರದ ಹತ್ತಿರ ಅರವತ್ತರ ವೇಗದಲ್ಲಿ ಬ್ರೇಕ್ ಒತ್ತಬೇಕು, ಬೇಗ ನಿಂತದ್ದು ಗೆದ್ದಂತೆ.

"ನನ್ನ ಇಳಿಸಿ ಏನರ ಮಾಡ್ಕೊಳ್ರಿ," ಅಂದೆ, ಸ್ಟೇರಿಂಗ್ ಹಿಡಿದಿದ್ದ ಇವರಿಗೆ.

"ಬೆಲ್ಟ್ ಹಾಕ್ಕೊಂಡು ಸುಮ್ನ ಕೂಡು."

ಹಾಕಿಕೊಂಡೆ. ಮಡಿಲಲ್ಲಿ ಬನ್ನಿ ಎಲೆಯ ತಟ್ಟೆ ಇತ್ತು.

ವೀರೇಶನ ಕಾರು ಸಲೀಸಾಗಿ ನಿಂತು ಬದಿಗೆ ಸರಿಯಿತು. ನಮ್ಮದು ನಿಲ್ಲಲಿಲ್ಲ. ಅಡ್ಡ ತಿರುಗಿ, ಸೋಪಿನ ನೊರೆಯ ಮೇಲೆ ಹೋದಂತೆ ಹೋಯಿತು. ಎದುರಿಗೆ ಹಳ್ಳದ ಸೇತುವೆಯ ಕಲ್ಲುಕಟ್ಟೆ. ಕೊಟ್ಟೂರೇಶಾ ಅಂತ ತಟ್ಟೆ ಅವುಚಿಕೊಂಡೆ. ಕಟ್ಟೆ ಇನ್ನೆರಡು ಮಾರು ಇರುವಾಗ ಚಕ್ರಗಳು ರಸ್ತೆ ಇಳಿದವು. ಕಾರು ಮೆಕ್ಕೆಜೋಳದ ಹೊಲದ ಎರೆಮಣ್ಣಿನಲ್ಲಿ ಹೂತು ನಿಂತಿತು. ಯಾರಿಗೂ ಒಂದು ಗೀರೂ ಆಗಿರಲಿಲ್ಲ.

ಕೆಳಗಿಳಿದ ಕೂಡಲೇ ಇವರು ಫೋನ್ ತೆಗೆದರು. "ಟೈರು ಹಾಕಿದಂವಗ ಇವತ್ತ ಐತಿ. ಹೊಸವು ಅಂತ ಹಳೇ ಮಾಲು ಕೊಟ್ಟಾನ."

ಆ ಟೈರಿನ ಅಂಗಡಿಯವರು ಪಾಪದ ಮನುಷ್ಯ, ಹೋದಾಗೆಲ್ಲ 'ಬರ್ರಿ ಅಕ್ಕಾರ' ಅಂತ ಕುರ್ಚಿ ಒರೆಸಿ ಕೊಡುವವರು.

"ಫೋನ್ ಇಡ್ರಿ. ಟೈರಿಗೆ ಎಣ್ಣಿ ಹಚ್ಚಿದ್ದು ನಾನು," ಅಂದೆ.

ಹಿಂದಿನ ದಿನ ಆಯುಧ ಪೂಜೆಗೆ ಕಾರು ತೊಳೆದಾಗ ಟೈರುಗಳು ಬೂದುಬಣ್ಣಕ್ಕೆ ತಿರುಗಿದ್ದವು. ಪೂಜೆಗೆ ಹೀಗೇ ನಿಲ್ಲಿಸುವುದೇ ಅಂತ, ಕರ್ಚಿಕಾಯಿ ಕರಿದು ಉಳಿದಿದ್ದ ಶೇಂಗಾ ಎಣ್ಣೆಯಲ್ಲಿ ಬಟ್ಟೆ ಅದ್ದಿ, ನೆಲಕ್ಕೆ ತಾಗುವ ಮೈಯನ್ನೂ ಬಿಡದೆ ತಿಕ್ಕಿದ್ದೆ. ಕರ್ರಗೆ ಮಿಂಚಿದ್ದವು.

ಇವರು ಟೈರಿಗೆ ಬೆರಳೊರೆಸಿ ಮೂಸಿದರು.

"ಅಕ್ಕ, ಎಣ್ಣಿ ಹಚ್ಚಿ ಎರದೀ ಖರೆ, ಸೀಗಿಕಾಯಿ ಹಾಕೂದು ಮರ್ತಿ ನೋಡು," ಅಂದ ಓಡಿ ಬಂದಿದ್ದ ವೀರೇಶ. ಇವರಿಗೂ ನಗು ಬಂತು.

"ನಗಬ್ಯಾಡ್ರಿ. ಎಣ್ಣಿ ನನ್ನ ತಪ್ಪು. ಹೆಂಡ್ತಿನ್ನ ಕೂಡಿಸ್ಕೊಂಡು ರಸ್ತ್ಯಾಗ ಪಂದ್ಯ ಕಟ್ಟಿದ್ದು ಯಾರ ತಪ್ಪು?"

ಇಬ್ಬರೂ ಬಗ್ಗಿ ಚಕ್ರದ ಸುತ್ತಲಿನ ಮಣ್ಣು ಕೆದರತೊಡಗಿದರು.

ಅಷ್ಟರಲ್ಲಿ ಹೊಲದ ಒಡತಿ ತಲೆಗೆ ಚೀಲ ಹೊದ್ದು ಬಂದರು. ಬೈಸಿಕೊಳ್ಳಲು ಸಿದ್ಧಳಾಗಿದ್ದೆ. "ದಂಟು ಮುರದ್ವು, ಮುರೀಲಿ ಬಿಡವ್ವಾ. ನಿನ್ನ ಕಾಲು ಮುರೀಲಿಲ್ಲಲ್ಲ," ಅಂದು ಟ್ರ್ಯಾಕ್ಟರ್ ಕರೆಸಲು ಮನೆಗೆ ಫೋನ್ ಹಚ್ಚಿದರು. ತಟ್ಟೆಯಲ್ಲಿ ಚೆಲ್ಲದೆ ಉಳಿದಿದ್ದ ನಾಲ್ಕು ಎಲೆಗಳನ್ನು ಅವರ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ," ಅಂತ ಕಾಲು ಮುಟ್ಟಿದೆ. ಆ ದಿನದ ಮೊದಲ ಬನ್ನಿ ತವರಿಗಲ್ಲ, ಅವರಿಗೆ ಹೋಯಿತು.

ಈ ವರ್ಷದ ಪೂಜೆಗೆ ಟೈರಿಗೆ ನೀರು, ವಿಭೂತಿ, ಕುಂಕುಮ ಅಷ್ಟೇ. ಆದರೂ ಇವರು ಕಾರು ಹತ್ತುವ ಮೊದಲು ಬೆರಳೊರೆಸಿ ಮೂಸುತ್ತಾರೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಸಂಜೆ ದೀಪ ಹಚ್ಚುವಾಗ ಎದುರಿಗೆ ಬಸ್ಸು ಬಾರದಿದ್ದದ್ದು, ಬೆಲ್ಟು ಹಾಕಿದ್ದು, ಆ ಮೆತ್ತನೆಯ ಮಣ್ಣು ಎಲ್ಲ ನೆನಪಾಗಿ ಕೈ ಮುಗಿಯುತ್ತೇನೆ. ಆಮೇಲೆ ಎಣ್ಣೆಗೈಯನ್ನು ಸೋಪು ಹಚ್ಚಿ ತೊಳೆದೇ ಹೊರಗೆ ಬರುತ್ತೇನೆ.