ನೆಂಟನಾಗಿ ಓಡಿದ ಓಟ

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಲಿನ ಹೊಗೆಯಲ್ಲೇ ಓಡುತ್ತಿದ್ದವು. ಮಳವಳ್ಳಿಯಿಂದ ಮದ್ದೂರಿನ ಆಟೋಟಕ್ಕೆ ಹೊರಟ ನಾವು ಮಿಡ್ಲ್ ಸ್ಕೂಲಿನ ಹುಡುಗರು ಬಸ್ಸಿನಲ್ಲಿ ಕೂತದ್ದಕ್ಕಿಂತ ಅದನ್ನು ತಳ್ಳಿದ್ದೇ ಹೆಚ್ಚು. ಓಟದ ತಾಲೀಮು ಇಲ್ಲೇ ಆಯಿತಲ್ಲ ಎಂದು ಮೇಷ್ಟರು ಸಮಾಧಾನ ಹೇಳಿದರು. ಅವರೊಬ್ಬರು ಮಾತ್ರ ಬಸ್ಸಿನೊಳಗೇ ಕೂತಿದ್ದರು.

ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯ ಹುಡುಗರೂ ಸೇರುವ ಆಟ ಅದು. ಮೈಲಿ ಓಟದಲ್ಲಿ ಗೆದ್ದವನಿಗೆ ಮೈಸೂರಿನ ದೊಡ್ಡ ಪಂದ್ಯಕ್ಕೆ ಹೋಗುವ ಯೋಗ. ನಾನು ಮೈಸೂರು ಕಂಡವನಲ್ಲ. ದಸರೆಗೆ ಹೋಗಿಬಂದವರು ಅಲ್ಲಿಯ ದೀಪಗಳ ಬಗ್ಗೆ ಕೊಚ್ಚಿಕೊಳ್ಳುವುದನ್ನು ಕೇಳಿ ಕೇಳಿ ಹೊಟ್ಟೆ ಉರಿದುಹೋಗಿತ್ತು. ಗೆಲ್ಲಲೇಬೇಕಿತ್ತು.

ಮದ್ದೂರಿನವರು ಮನೆಗೊಬ್ಬರಂತೆ ನಮ್ಮನ್ನು ಹಂಚಿಕೊಂಡರು. ನಾನು ಹೋದ ಮನೆಯ ಮಗನೂ ಮೈಲಿ ಓಟದವನೇ. ಅವನ ಉದ್ದನೆಯ ಕಾಲು ನೋಡಿದೊಡನೆ ನನಗೆ ಅರ್ಧ ಜೀವ ಹೋಯಿತು. ಸಂಜೆ ಜಗುಲಿಯಲ್ಲಿ ಕೂತು ಮೈಸೂರಿನ ಆಸೆಯನ್ನೆಲ್ಲ ಅವನೆದುರು ಹೇಳಿಕೊಂಡೆ. ಅವನು ಹೂಂ ಎಂದನೇ ಹೊರತು ತನ್ನದೇನೂ ಬಾಯಿಬಿಡಲಿಲ್ಲ. ಎಂಥ ಜಂಬದ ಕೋಳಿ ಎಂದುಕೊಂಡೆ.

ಬೆಳಿಗ್ಗೆ ಅವನ ತಾಯಿ ಹಿಟ್ಟು, ಉಪ್ಪೆಸರು ಬಡಿಸಿದರು. ಓಡುವವನಿಗೆ ಅರ್ಧ ಮುದ್ದೆ ಸಾಕೆಂದರೂ ಕೇಳಲಿಲ್ಲ. ಮಗನನ್ನು ಗೆಲ್ಲಿಸಲು ಇದೊಂದು ಉಪಾಯವಿರಬೇಕೆಂದು ನನಗೆ ಗುಮಾನಿ. ಅಷ್ಟರಲ್ಲಿ ಮಗ ಗಬಗಬ ನುಂಗಿ ಏಳಹೊರಟ. ಆಕೆ ಭುಜ ಒತ್ತಿ ಕೂರಿಸಿದರು.

"ನೆಂಟ ಇನ್ನೂ ಉಣ್ತಾವ್ನೆ. ಅವ್ನು ಎದ್ದ ಮ್ಯಾಕೆ ನೀ ಏಳ್ಲಾ."

ಪಾಪ, ಕೈ ಒಣಗಿಸಿಕೊಂಡು ಕೂತ.

ಶಿಂಷಾ ಹೊಳೆಯ ಪಕ್ಕದ ಬಯಲಿನಲ್ಲಿ ಊರಿನವರೇ ಬೂದಿಯಿಂದ ಗೆರೆ ಎಳೆದಿದ್ದರು. ಕೊನೆಯ ಸುತ್ತಿನಲ್ಲಿ ಉಳಿದವರೆಲ್ಲ ಹಿಂದೆ ಬಿದ್ದು ನಾವಿಬ್ಬರೇ ಮುಂದಿದ್ದೆವು. ಅವನು ನನಗಿಂತ ಒಂದೆರಡು ಮಾರು ಮುಂದೆ. ಇನ್ನೇನು ಗೆಲುವಿನ ಗೆರೆಗೆ ಅಡ್ಡ ಹಿಡಿದ ಹುರಿ ಕೈಗೆಟುಕಬೇಕು, ಆ ಮಹಾಶಯ ಗಕ್ಕನೆ ನಿಂತುಬಿಟ್ಟ.

"ನೀ ಓಗ್ಲಾ ಮುಂದೆ," ಎಂದ.

ನಾನಾದರೂ ನುಗ್ಗಬಾರದೆ? ಅವರ ಮನೆಯ ಹಿಟ್ಟು ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ. ನಾನೂ ನಿಂತೆ. ನೀನೇ ಹೋಗು ಎಂದೆ. ಅವನು ಇಲ್ಲ, ನೀನು ಎಂದ. ಮದುವೆಮನೆಯ ಬಾಗಿಲಲ್ಲಿ ನಿಂತ ಬೀಗರ ಹಾಗೆ ನಾವು ಉಪಚಾರದಲ್ಲಿರುವಾಗ, ಮಂಡ್ಯದ ಹುಡುಗನೊಬ್ಬ ನಮ್ಮ ನಡುವೆಯೇ ನುಸುಳಿ ಹುರಿ ದಾಟಿದ. ಹುರಿ ಹಿಡಿದಿದ್ದ ಯಜಮಾನರು ತಲೆ ಚಚ್ಚಿಕೊಂಡರು.

ನನಗೆ ಅಳುವೂ ಬಂತು, ಅವನ ಮೇಲೆ ಕೆಟ್ಟ ಸಿಟ್ಟೂ ಬಂತು. ಓಡಿದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದ ಅವನ ತಾಯಿ ಇಬ್ಬರಿಗೂ ಲೋಟ ಕೊಟ್ಟು ಮಗನ ಕಡೆ ತಿರುಗಿದರು.

"ಉಣ್ಣೋ ತಾವ ಅಂದಿದ್ದು ಕಣ್ಲಾ ನಾನು. ಓಟ್ದಲ್ಲೂ ನೆಂಟ್ನೇನ್ಲಾ ಅವ್ನು?"

ಅವನು ಕಾಲ್ಬೆರಳಿನಿಂದ ನೆಲ ಕೆರೆದ.

"ಅದುಕ್ಕಲ್ಲ ಕಣವ್ವ. ಅವ್ನು ಮೈಸೂರು ನೋಡಿಲ್ವಂತೆ."

ನನ್ನ ಸಿಟ್ಟು ಜರ್ರನೆ ಇಳಿಯಿತು. ನೀನು ನೋಡಿದ್ದೀಯಾ ಎಂದು ಕೇಳಿದೆ.

"ನಾನೆಲ್ಲಿ ನೋಡಿದ್ದೀನ್ಲಾ," ಎಂದ, ನಾನು ಮೊದಲು ಕುಡಿಯಲೆಂದು ಮಜ್ಜಿಗೆಯ ಲೋಟವನ್ನು ಕೈಯಲ್ಲೇ ಹಿಡಿದು ಕಾಯುತ್ತ.